18.6 ಮತ್ತು 18.60: ಬ್ಯುರೆಟ್ ರೀಡಿಂಗ್‌ನ ಕೊನೆಯ ಸೊನ್ನೆ ಏಕೆ ಬೇಕು?

ಪ್ರಶ್ನೆ: ಟೈಟ್ರೇಷನ್ ಪ್ರಯೋಗದಲ್ಲಿ (ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಇನ್ನೊಂದರ ಸಾಂದ್ರತೆಯನ್ನು ಕಂಡುಹಿಡಿಯುವ ಪ್ರಯೋಗ) ಬ್ಯುರೆಟ್‌ನ, ಅಂದರೆ ಕೆಳತುದಿಯಲ್ಲಿ ನಲ್ಲಿಯಿರುವ ಉದ್ದನೆಯ ಅಳತೆ ಕೊಳವೆಯ, ರೀಡಿಂಗನ್ನು 18.6 ಮಿಲಿಲೀಟರ್ ಎಂದು ಬರೆದರೆ ಅದನ್ನು 18.60 ಎಂದು ತಿದ್ದುತ್ತಾರೆ. ಎರಡೂ ಒಂದೇ ಅಲ್ಲವೇ?

ಉತ್ತರ: ಗಣಿತದಲ್ಲಿ ಖಂಡಿತವಾಗಿ ಒಂದೇ. ಆದರೆ ಪ್ರಯೋಗಾಲಯದಲ್ಲಿ ಬರೆದಿಟ್ಟ ಅಳತೆಯು ದ್ರವ ಎಷ್ಟಿತ್ತು ಎಂಬುದರ ಜೊತೆಗೆ ಅದನ್ನು ಎಷ್ಟು ಸೂಕ್ಷ್ಮವಾಗಿ ನೋಡಲಾಯಿತು ಎಂಬುದನ್ನೂ ತಿಳಿಸುತ್ತದೆ. ಸಾಮಾನ್ಯವಾಗಿ ಬಳಸುವ 50 ಮಿಲಿಲೀಟರ್ ಬ್ಯುರೆಟ್‌ನಲ್ಲಿ ಪ್ರತಿ 0.1 ಮಿಲಿಲೀಟರಿಗೆ ಒಂದು ಗೆರೆಯಿರುತ್ತದೆ. ಎರಡು ಗೆರೆಗಳ ನಡುವೆ ದ್ರವ ಎಲ್ಲಿ ನಿಂತಿದೆ ಎಂದು ಕಣ್ಣಂದಾಜಿನಿಂದ ಇನ್ನೊಂದು ಅಂಕಿಯನ್ನು ಸೇರಿಸುವುದು ರೂಢಿ. ಆ ಅಂಕಿಯಲ್ಲಿ ಅನಿಶ್ಚಿತತೆ ಇದ್ದೇ ಇರುತ್ತದೆ. ಹಾಗಿದ್ದರೂ ಅದು ನಿರರ್ಥಕವಲ್ಲ. 18.60 ಎಂದು ಬರೆದವರು ದ್ರವವು ಗೆರೆಯ ಮೇಲೆಯೇ ನಿಂತದ್ದನ್ನು ನೋಡಿದ್ದಾರೆ, 18.6 ಎಂದು ಬರೆದವರು ಗೆರೆಗಳ ನಡುವಿನ ಜಾಗವನ್ನು ಗಮನಿಸಿಯೇ ಇಲ್ಲ ಎಂದು ಓದುವವರು ಭಾವಿಸಬೇಕಾಗುತ್ತದೆ. ಬ್ಯುರೆಟ್‌ನ ತುದಿಯಿಂದ ಬೀಳುವ ಒಂದು ಹನಿಯ ಗಾತ್ರ ಸುಮಾರು 0.05 ಮಿಲಿಲೀಟರ್, ಮತ್ತು ಸೂಚಕದ (ಪ್ರತಿಕ್ರಿಯೆ ಮುಗಿದುದನ್ನು ಬಣ್ಣ ಬದಲಿಸಿ ತೋರಿಸುವ ವಸ್ತು) ಬಣ್ಣ ಬದಲಾಗಲು ಕೆಲವೊಮ್ಮೆ ಆ ಒಂದು ಹನಿಯೇ ಸಾಕು. ಎರಡನೆಯ ದಶಮಾಂಶ ಸ್ಥಾನವನ್ನು ಕೈಬಿಟ್ಟರೆ ಆ ಹನಿಯ ಲೆಕ್ಕವೇ ತಪ್ಪಿಹೋಗುತ್ತದೆ.

ಆದರೆ ಸೊನ್ನೆಯನ್ನು ಬರೆದ ಮಾತ್ರಕ್ಕೆ ಅಳತೆ ನಿಖರವಾಗುವುದಿಲ್ಲ. ನೀರಿನಂಥ ದ್ರವದ ಮೇಲ್ಮೈ ಗಾಜಿನ ಕೊಳವೆಯಲ್ಲಿ ಅಂಚಿಗೆ ಏರಿ ನಡುವೆ ತಗ್ಗಿರುತ್ತದೆ. ಈ ತಗ್ಗಿನ ತಳಕ್ಕೆ ನೇರವಾಗಿ ಕಣ್ಣಿಟ್ಟು ಓದಬೇಕು. ಪೊಟ್ಯಾಸಿಯಂ ಪರ್ಮಾಂಗನೇಟ್‌ನಂತಹ ಗಾಢ ಬಣ್ಣದ ದ್ರಾವಣದಲ್ಲಿ ತಳ ಕಾಣದ ಕಾರಣ ಮೇಲಂಚನ್ನು ಓದುವುದು ವಾಡಿಕೆ. ಕಣ್ಣು ಮೇಲಿದ್ದರೆ ನೋಟದ ರೇಖೆ ಓರೆಯಾಗಿ, ದ್ರವದ ಮಟ್ಟಕ್ಕಿಂತ ಮೇಲಿನ ಗೆರೆಯನ್ನು ಹಾದು ಬರುತ್ತದೆ. ಬ್ಯುರೆಟ್‌ನಲ್ಲಿ ಅಂಕಿಗಳು ಮೇಲಿನಿಂದ ಕೆಳಕ್ಕೆ ಏರುವುದರಿಂದ ಆಗ ರೀಡಿಂಗ್ ಕಡಿಮೆಯಾಗುತ್ತದೆ, ಅಳತೆ ಜಾಡಿಯಲ್ಲಿ ಹೆಚ್ಚಾಗುತ್ತದೆ. ಆರಂಭದ ಮತ್ತು ಕೊನೆಯ ರೀಡಿಂಗ್‌ಗಳ ವ್ಯತ್ಯಾಸವನ್ನೇ ತೆಗೆದುಕೊಳ್ಳುವುದರಿಂದ ಈ ದೋಷ ತಾನಾಗಿ ಕಳೆದುಹೋಗುತ್ತದೆ ಎಂದು ಕೆಲವರು ನಂಬುತ್ತಾರೆ. ತಲೆಯನ್ನು ಒಂದೇ ಎತ್ತರದಲ್ಲಿಟ್ಟುಕೊಂಡು ನಿಂತರೆ ದ್ರವ ಕೆಳಗಿಳಿದಂತೆ ನೋಟದ ಓರೆಯೂ ಬದಲಾಗುವುದರಿಂದ ಅದು ಪೂರ್ತಿಯಾಗಿ ಕಳೆಯುವುದಿಲ್ಲ. ಕೊಳವೆಯ ತುದಿಯಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಅಥವಾ ತುಂಬಿದ ಮೇಲೆ ಆಲಿಕೆಯನ್ನು ತೆಗೆಯಲು ಮರೆತಿದ್ದರೆ, ಎರಡನೆಯ ದಶಮಾಂಶದ ಮಾತು ಹಾಗಿರಲಿ, ಮೊದಲನೆಯದನ್ನೂ ನಂಬುವಂತಿಲ್ಲ.

ಓದುವಾಗ ಕಣ್ಣು ದ್ರವದ ಮಟ್ಟಕ್ಕಿರಬೇಕು ಎಂಬ ಈ ನಿಯಮವನ್ನು ತುಂಬುವಾಗಲೂ ಪಾಲಿಸುವುದು ಅಪಾಯಕರ. ಎತ್ತರದ ಸ್ಟ್ಯಾಂಡಿಗೆ ಸಿಕ್ಕಿಸಿದ ಬ್ಯುರೆಟ್‌ಗೆ ಕೈ ಮೇಲೆತ್ತಿ ಆಮ್ಲವನ್ನು ಸುರಿಯುವಾಗ ಆಲಿಕೆ ತುಳುಕಿದರೆ ಅದು ಮುಖದ ಮೇಲೆಯೇ ಬೀಳುತ್ತದೆ. ಆದ್ದರಿಂದ ಸುರಕ್ಷಾ ಕನ್ನಡಕವನ್ನು ಧರಿಸಿ, ಆಲಿಕೆಯ ಬಾಯಿ ಕಣ್ಣಿಗಿಂತ ಸಾಕಷ್ಟು ಕೆಳಗೆ ಬರುವಂತೆ ಬ್ಯುರೆಟ್ಟನ್ನು ಇಳಿಸಿಕೊಂಡೇ ತುಂಬಬೇಕು. ಸೋಡಿಯಂ ಹೈಡ್ರಾಕ್ಸೈಡ್‌ನಂತಹ ಪ್ರತ್ಯಾಮ್ಲವನ್ನು ಆಮ್ಲಕ್ಕಿಂತ ಸೌಮ್ಯವೆಂದು ಎಣಿಸುವುದು ದೊಡ್ಡ ತಪ್ಪು. ಅದು ಕಣ್ಣಿನ ಅಂಗಾಂಶವನ್ನು ಕರಗಿಸುತ್ತ ಒಳಕ್ಕೆ ಇಳಿಯುವುದರಿಂದ ಅನೇಕ ಬಾರಿ ಆಮ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಯಾವುದೇ ರಾಸಾಯನಿಕ ಕಣ್ಣಿಗೆ ಸಿಡಿದರೂ ಕೂಡಲೇ ರೆಪ್ಪೆಗಳನ್ನು ತೆರೆದು ಹಿಡಿದು ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ಅಲ್ಲಿದ್ದವರು ವೈದ್ಯರ ನೆರವಿಗೆ ವ್ಯವಸ್ಥೆ ಮಾಡಬೇಕು. ಪಿಪೆಟ್‌ಗೆ (ನಿಗದಿತ ಪ್ರಮಾಣದ ದ್ರವವನ್ನು ತೆಗೆಯುವ ಗಾಜಿನ ಕೊಳವೆ) ದ್ರವವನ್ನು ಬಾಯಿಯಿಂದ ಎಳೆಯುವ ಹಳೆಯ ಪದ್ಧತಿಗೆ ಇಂದು ಯಾವ ಸಮರ್ಥನೆಯೂ ಇಲ್ಲ. ರಬ್ಬರ್ ಬಲ್ಬ್ ಬಳಸಬೇಕು.

ಇನ್ನು ಲೆಕ್ಕದ ವಿಷಯ. ಪಿಪೆಟ್‌ನಿಂದ ತೆಗೆದ 25.00 ಮಿಲಿಲೀಟರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ 0.1000 ಮೋಲಾರ್ (ಲೀಟರಿಗೆ ಎಷ್ಟು ಮೋಲ್ ಎಂದು ಹೇಳುವ ಸಾಂದ್ರತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲ 18.60 ಮಿಲಿಲೀಟರ್ ಬೇಕಾಯಿತು ಎಂದುಕೊಳ್ಳೋಣ. ಸೋಡಿಯಂ ಹೈಡ್ರಾಕ್ಸೈಡ್‌ನ ಸಾಂದ್ರತೆಯನ್ನು (0.1000 × 18.60 ÷ 25.00) ಕ್ಯಾಲ್ಕುಲೇಟರ್ 0.0744 ಎಂದು ತೋರಿಸುತ್ತದೆ, ಏಕೆಂದರೆ ಕೊನೆಯ ಸೊನ್ನೆ ಅದಕ್ಕೆ ಬೇಕಿಲ್ಲ. ಎಲ್ಲ ಅಳತೆಗಳಲ್ಲೂ ನಾಲ್ಕು ಸಾರ್ಥಕ ಅಂಕಿಗಳು (ಅಂದಾಜಿನ ಕೊನೆಯ ಅಂಕಿಯೂ ಸೇರಿ ಅಳತೆಯಿಂದ ತಿಳಿದ ಅಂಕಿಗಳು) ಇರುವುದರಿಂದ ನಾವು 0.07440 ಮೋಲಾರ್ ಎಂದು ಬರೆಯಬೇಕು. ಅದೇ 25 ಮಿಲಿಲೀಟರನ್ನು ಅರ್ಧ ಮಿಲಿಲೀಟರ್‌ನಷ್ಟು ಹೆಚ್ಚುಕಡಿಮೆಯಾಗಬಲ್ಲ ಅಳತೆ ಜಾಡಿಯಿಂದ ಸುರಿದಿದ್ದರೆ ಅಲ್ಲಿಯೇ ಶೇಕಡಾ 2ರಷ್ಟು ಅನಿಶ್ಚಿತತೆ ಸೇರಿಕೊಂಡಿರುತ್ತದೆ. ಆಗ ಬ್ಯುರೆಟ್ಟನ್ನು ಎಷ್ಟೇ ಎಚ್ಚರದಿಂದ ಓದಿದ್ದರೂ ಉತ್ತರವನ್ನು 0.074 ಎಂಬಲ್ಲಿಗೆ ನಿಲ್ಲಿಸಬೇಕು.