ಅಪ್ಪಾಜಿ ಹೋದಾಗ ವಯಸ್ಸೆಷ್ಟು?

ಸಕಲೇಶಪುರ ಕಡೆಯ ತೋಟದ ರೈಟರೊಬ್ಬರು ಬಿ.ಪಿ. ತೋರಿಸಲು ಹಾಸನಕ್ಕೆ ಬಂದಿದ್ದರು. ವಯಸ್ಸು 41. ತಂದೆ ಹೇಗೆ ತೀರಿಕೊಂಡರು ಎಂದು ಕೇಳಿದೆ.

"ಎದೆ, ಬೆನ್ನು ಸೀಳಿದಂಗಾಯ್ತು ಅಂದ್ರು ಸಾರ್. ಬಾಳ್ಳುಪೇಟೆ ದಾಟೋದ್ರೊಳಗೆ ಮುಗೀತು. ನಲವತ್ತಾರು ಆಗಿತ್ತು. ಚಿಕ್ಕಪ್ಪನೂ ಹಂಗೇ ಹೋದ್ರು. ಹಾರ್ಟ್ ಅಟ್ಯಾಕು."

ಇರಬಹುದು. ಆದರೆ ‘ಸೀಳಿದಂಗೆ’ ಎಂಬ ಮಾತು ಕೇಳಿದರೆ ನನಗೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಧಮನಿ ನೆನಪಾಗುತ್ತದೆ. ಅದು ಉಬ್ಬಿದರೆ ಸೀಳಬಹುದು. ರೈಟರಿಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿದಾಗ ಅದರ ಬುಡ 4.6 ಸೆಂ.ಮೀ.ಗೆ ಹಿಗ್ಗಿತ್ತು. ಅವರಿಗೆ ಒಂದು ದಿನವೂ ಎದೆನೋವು ಬಂದದ್ದಿಲ್ಲ.

ಎದೆಯ ಭಾಗದಲ್ಲಿ ಮಹಾಧಮನಿ ಹೀಗೆ ಉಬ್ಬಿರುವ ಐವರಲ್ಲಿ ಸುಮಾರು ಒಬ್ಬರ ಮನೆಯಲ್ಲಿ ಇನ್ನೊಬ್ಬರಿಗೂ ಅದೇ ತೊಂದರೆ ಇರುತ್ತದೆ. ಇದಕ್ಕೆ ಕಾರಣವಾಗುವ ವಂಶವಾಹಿ ಕಾಯಿಲೆ ಮಾರ್ಫಾನ್ ಇದ್ದವರು ಹೆಚ್ಚಾಗಿ ಎತ್ತರದ ಆಳು, ಬೆರಳು ಉದ್ದ, ಕಣ್ಣಿನ ಮಸೂರ ಜಾರಿರಬಹುದು. ನೋಡಿದರೆ ಅನುಮಾನ ಬರುತ್ತದೆ. ಆದರೆ ಎಸಿಟಿಎ2 ಎಂಬ ಜೀನ್‌ ಕೆಟ್ಟು ಮಹಾಧಮನಿ ಉಬ್ಬಿದ್ದರೆ ಮೈಕಟ್ಟು ಏನನ್ನೂ ಹೇಳದು. "ನಮ್ಮಲ್ಲಿ ಸೋದರಮಾವನ ಸಂಬಂಧ ಮಾಡಿಲ್ಲವಲ್ಲ" ಎನ್ನುವವರಿದ್ದಾರೆ. ಇದಕ್ಕೆ ಆ ಲೆಕ್ಕ ನಡೆಯುವುದಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಆದ್ದರಿಂದ ಒಡಹುಟ್ಟಿದವರು, ಮಕ್ಕಳು, ಬದುಕಿರುವ ತಂದೆ ತಾಯಿ ಎಕೋ ಮಾಡಿಸಬೇಕು. ಅಗತ್ಯ ಕಂಡರೆ ಸಿ.ಟಿ. ಅಥವಾ ಎಂ.ಆರ್.ಐ. ಬಸುರಿಯಾಗುವ ಯೋಚನೆಯಿರುವ ಹೆಣ್ಣುಮಕ್ಕಳು ಅದಕ್ಕೂ ಮೊದಲೇ. ಜೀನ್ ಪರೀಕ್ಷೆಯನ್ನು ಉಬ್ಬು ಇರುವವರಿಂದಲೇ ಶುರುಮಾಡಬೇಕು. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರಾಯಿತು. ಇಲ್ಲದವರು ವರ್ಷ ವರ್ಷ ಸ್ಕ್ಯಾನಿಗೆ ಅಲೆಯುವುದು ತಪ್ಪುತ್ತದೆ. ಏನೂ ಸಿಗದಿದ್ದರೆ ನಿರಾಳರಾಗುವಂತಿಲ್ಲ, ಈವರೆಗೆ ಗುರುತಿಸದ ಜೀನ್‌ಗಳೂ ಇವೆ. ಎಕೋ ಬಿಡಬಾರದು.

ಹೊಟ್ಟೆಯ ಭಾಗದಲ್ಲಿ ಮಹಾಧಮನಿಗೆ ಬರುವ ಉಬ್ಬು ಬೇರೆ ಜಾತಿಯದು. ಅಲ್ಲಿ ಬೀಡಿ, ಸಿಗರೇಟು, ವಯಸ್ಸಿನದೇ ಕಾರುಬಾರು. ಆದರೂ ತಂದೆಗೋ ಅಣ್ಣನಿಗೋ ಇದ್ದರೆ ಅಪಾಯ ಸುಮಾರು ಇಮ್ಮಡಿ. 65 ದಾಟಿದ, ಎಂದಾದರೂ ಸೇದಿದ ಗಂಡಸರು ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದರೆ ಸಾಕು. 3 ಸೆಂ.ಮೀ. ಮುಟ್ಟಿದರೆ ಉಬ್ಬು ಎನ್ನುತ್ತೇವೆ; ಗಂಡಸರಲ್ಲಿ 5.5 ಆದಾಗ ಆಪರೇಷನ್ ಮಾತು.

ರೈಟರಿಗೆ ಬಿ.ಪಿ. ಮಾತ್ರೆ ಬದಲಿಸಿ, ಭಾರ ಎತ್ತಬೇಡಿ ಎಂದೆ. ಚೀಟಿಯ ಹಿಂದೆ ಗೀಚಿದ್ದ ವಂಶವೃಕ್ಷವನ್ನು ಅವರು ಮಡಚಿ ಜೇಬಿಗಿಟ್ಟುಕೊಂಡರು. ತಂಗಿ ಬಂದು ಎಕೋ ಮಾಡಿಸಿಕೊಂಡು ಹೋದರು, ಸರಿಯಿದೆ. ಅಣ್ಣ ಇನ್ನೂ ಬಂದಿಲ್ಲ. ಕಾಫಿ ಕೊಯ್ಲು ಮುಗಿಯಲಿ ಅಂತಾರಂತೆ.