ಮಳೆಗಾಲದ ಬ್ಯಾಟರಿಗೆ ಸಣ್ಣ ಇಂಜಿನ್, ಕಾರಿನ ಆಲ್ಟರ್ನೇಟರ್

ಕಕ್ಕಡದ (ಜುಲೈ–ಆಗಸ್ಟ್‌ನ ಮಳೆ ತಿಂಗಳು) ಗಾಳಿಗೆ ಸಿಲ್ವರ್ ಓಕ್ ಮುರಿದು ಲೈನಿನ ಮೇಲೆ ಬಿದ್ದರೆ ಕೊಡಗಿನ ನಾಪೋಕ್ಲು, ಭಾಗಮಂಡಲದ ಕಡೆ ತೋಟದ ಮನೆಗಳಿಗೆ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸದಲ್ಲ. ಇನ್ವರ್ಟರ್ ಇರುತ್ತದೆ, ಆದರೆ ಬ್ಯಾಟರಿ ಮೊದಲ ರಾತ್ರಿಗೇ ಮಲಗುತ್ತದೆ. ಇಲ್ಲಿ ಕಟ್ಟಲು ಹೊರಟಿರುವುದು ಆ ಬ್ಯಾಟರಿ ತುಂಬಿಸುವ ಯಂತ್ರ, 230 ವೋಲ್ಟ್ ಕೊಡುವುದಲ್ಲ. 230 ವೋಲ್ಟ್, 50 ಹರ್ಟ್ಸ್ ಬೇಕೆಂದರೆ ಇಂಜಿನ್ ವೇಗ ಕದಲಬಾರದು. ಕಾರಿನ ಬ್ಯಾಟರಿ ತುಂಬಿಸುವ ಜನರೇಟರಾದ ಆಲ್ಟರ್ನೇಟರಿಗೆ ಆ ಹಟವಿಲ್ಲ. ಒಂದು ಮಟ್ಟದ ಮೇಲೆ ವೇಗ ಎಷ್ಟೇ ಇರಲಿ, ಒಳಗಿನ ರೆಗ್ಯುಲೇಟರ್ 14.2ರಿಂದ 14.4 ವೋಲ್ಟ್ ಹಿಡಿದಿಡುತ್ತದೆ.

ಮೊದಲು ಲೆಕ್ಕ. ಆರು ಎಲ್‌ಇಡಿ ಬಲ್ಬ್, ಒಂದು ಫ್ಯಾನ್, ಟಿವಿ, ವೈಫೈ ಎಲ್ಲ ಸೇರಿ ಸುಮಾರು 200 ವ್ಯಾಟ್. ನಾಲ್ಕು ಗಂಟೆಗೆ 800 ವ್ಯಾಟ್-ಅವರ್. ಇನ್ವರ್ಟರಿನ ನಷ್ಟ ಸೇರಿಸಿದರೆ 12 ವೋಲ್ಟ್ ಬ್ಯಾಟರಿಯಿಂದ ಹೆಚ್ಚುಕಡಿಮೆ 80 ಆಂಪಿಯರ್-ಅವರ್ ಹೋಗುತ್ತದೆ, ಅಂದರೆ 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಅರ್ಧ. ಅದಕ್ಕೆ 15ರಿಂದ 30 ಆಂಪಿಯರ್ ಚಾರ್ಜ್ ಸಾಕು. ಹಾಗಾಗಿ ಹಳೆ ಸಣ್ಣ ಕಾರಿನ 35–45 ಆಂಪಿಯರ್ ಆಲ್ಟರ್ನೇಟರೇ ಸರಿ. ಗುಜರಿಯಲ್ಲಿ 90 ಆಂಪಿಯರಿನದು ಸಿಕ್ಕಿತೆಂದು ತಂದರೆ ಖಾಲಿ ಬ್ಯಾಟರಿಗೆ ಒಮ್ಮೆಲೇ ವಿಪರೀತ ಕರೆಂಟ್ ನುಗ್ಗಿ ಅದು ಕುದಿಯುತ್ತದೆ.

ಇಂಜಿನ್, ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪಡಿಸುವ ಪವರ್ ಸ್ಪ್ರೇಯರಿನ 5.5 ಎಚ್‌ಪಿ ಪೆಟ್ರೋಲ್ ಇಂಜಿನ್ನೇ ಆಗಬಹುದು. 40 ಆಂಪಿಯರ್, 14 ವೋಲ್ಟ್ ಅಂದರೆ 560 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ 55 ಶೇಕಡಾ ಹಿಡಿದರೂ ಇಂಜಿನ್ ಕೊಡಬೇಕಾದ್ದು 1.4 ಎಚ್‌ಪಿ ಅಷ್ಟೇ. ಎತ್ತರ ಏರಿದಂತೆ ಪ್ರತಿ 300 ಮೀಟರಿಗೆ ಇಂಜಿನ್ನಿನ ಶಕ್ತಿ ಸುಮಾರು 3.5 ಶೇಕಡಾ ಇಳಿಯುತ್ತದೆ. ಮಡಿಕೇರಿಯ ಎತ್ತರದಲ್ಲಿ 13–14 ಶೇಕಡಾ ಹೋದರೂ ಬೇಕಾದಷ್ಟು ಉಳಿಯುತ್ತದೆ. ಕಳೆ ಕೊಚ್ಚುವ ಟೂ-ಸ್ಟ್ರೋಕ್ ಇಂಜಿನ್ ಮಾತ್ರ ಬೇಡ, ಗಂಟೆಗಟ್ಟಲೆ ಒಂದೇ ಸಮ ಓಡುವುದಕ್ಕೆ ಅದು ಹುಟ್ಟಿದ್ದಲ್ಲ.

ಪುಲ್ಲಿ: ಆಲ್ಟರ್ನೇಟರಿನದು ಎರಡೂವರೆ ಇಂಚಾದರೆ ಇಂಜಿನ್ನಿಗೆ ಐದು ಇಂಚು. ಇಂಜಿನ್ 2400 ಆರ್‌ಪಿಎಂನಲ್ಲಿ ಓಡಿದರೆ ಆಲ್ಟರ್ನೇಟರ್ 4800ರಲ್ಲಿ ತಿರುಗುತ್ತದೆ. ಎರಡೂ ಪುಲ್ಲಿ ಒಂದೇ ಗೆರೆಯಲ್ಲಿವೆಯೇ ಎಂದು ನೂಲು ಹಿಡಿದು ನೋಡಿ. ಬೆಲ್ಟ್ ಮಧ್ಯೆ ಹೆಬ್ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರ್ ಬಗ್ಗಬೇಕು. ಕೆಳಗೆ ಕಪ್ಪು ಪುಡಿ ಉದುರುತ್ತಿದ್ದರೆ ಗೆರೆ ತಪ್ಪಿದೆ. ತೇವದ ಬೆಳಿಗ್ಗೆ ಕಿರ್ರ್ ಎಂದರೆ ಬೆಲ್ಟ್ ಸಡಿಲ.

ತಿರುಗುವ ದಿಕ್ಕನ್ನು ಬಹಳ ಜನ ಮರೆಯುತ್ತಾರೆ. ಈ ಇಂಜಿನ್‌ಗಳಲ್ಲಿ ಹೆಚ್ಚಿನವುಗಳ ಶಾಫ್ಟ್, ಎದುರು ನಿಂತು ನೋಡಿದರೆ, ಗಡಿಯಾರಕ್ಕೆ ವಿರುದ್ಧವಾಗಿ ಸುತ್ತುತ್ತದೆ. ಕಾರಿನ ಆಲ್ಟರ್ನೇಟರ್ ಸಾಮಾನ್ಯವಾಗಿ ಗಡಿಯಾರದಂತೆ. ಒಳಗೆ ಡಯೋಡ್ ಇರುವುದರಿಂದ ಯಾವ ಕಡೆ ತಿರುಗಿದರೂ ಕರೆಂಟ್ ಬರುತ್ತದೆ, ಆದರೆ ಓರೆ ಎಸಳಿನ ಫ್ಯಾನ್ ಉಲ್ಟಾ ತಿರುಗಿ ಗಾಳಿ ಸಾಲದೆ ಅರ್ಧ ಗಂಟೆಯಲ್ಲಿ ಒಳಗಿನ ಸುರುಳಿಯ ವಾರ್ನಿಷ್ ಸುಡುವ ವಾಸನೆ ಹೊರಡುತ್ತದೆ. ಆಲ್ಟರ್ನೇಟರಿನ ಮುಖ ಇಂಜಿನ್ ಶಾಫ್ಟಿಗೆ ಎದುರಾಗಿ ಬರುವಂತೆ ಕೂರಿಸಿದರೆ ದಿಕ್ಕು ಸರಿಹೋಗುತ್ತದೆ.

ವೈರಿಂಗ್‌ನಲ್ಲಿ ಆಲ್ಟರ್ನೇಟರಿನ ಕರೆಂಟ್ ಹೊರಬರುವ ಬಿ ಟರ್ಮಿನಲಿನಿಂದ ಬ್ಯಾಟರಿ ಪ್ಲಸ್‌ಗೆ 16 ಚದರ ಮಿಮೀ ತಾಮ್ರದ ಕೇಬಲ್, ಬ್ಯಾಟರಿಯ ಹತ್ತಿರ 60 ಆಂಪಿಯರ್ ಫ್ಯೂಸ್. ಹೋಗಿ ಬರುವ ದಾರಿ ನಾಲ್ಕು ಮೀಟರ್ ಇದ್ದರೆ 40 ಆಂಪಿಯರಿಗೆ ಇದರಲ್ಲಿ 0.2 ವೋಲ್ಟಿಗಿಂತ ಕಮ್ಮಿ ನಷ್ಟ. 6 ಚದರ ಮಿಮೀ ಹಾಕಿದರೆ ಅರ್ಧ ವೋಲ್ಟ್ ಹೋಗಿ, ಬ್ಯಾಟರಿ ತುಂಬುವುದು ನಿಧಾನವಾಗುತ್ತದೆ. ಐಜಿ (ಇಗ್ನಿಷನ್) ಟರ್ಮಿನಲ್ ಬ್ಯಾಟರಿ ಪ್ಲಸ್‌ನಿಂದ ಬರುವ ಸ್ವಿಚ್ಚಿಗೆ, ಎಲ್ (ಲ್ಯಾಂಪ್) ಕೂಡ ಸ್ವಿಚ್ಚಿಗೇ, ಆದರೆ ನಡುವೆ 12 ವೋಲ್ಟ್, 3 ವ್ಯಾಟ್ ಬಲ್ಬ್ ಇಟ್ಟು. ಹಲವು ಮಾದರಿಗಳಲ್ಲಿ ಆ ಬಲ್ಬಿನ ಮೂಲಕ ಹರಿಯುವ ಚೂರು ಕರೆಂಟೇ ಒಳಗೆ ತಿರುಗುವ ಅಯಸ್ಕಾಂತವಾದ ರೋಟರನ್ನು ಎಬ್ಬಿಸುವುದು. ಬಲ್ಬ್ ಬಿಟ್ಟು ನೇರ ಕಟ್ಟಿದರೆ ರೆಗ್ಯುಲೇಟರ್ ಸುಟ್ಟೀತು. ಹಗ್ಗ ಎಳೆಯುವಾಗ ಸ್ವಿಚ್ ಆಫ್ ಇರಲಿ, ಇಂಜಿನ್ ಬಿಸಿಯಾದ ಮೇಲೆ ಆನ್ ಮಾಡಿ. ಓಡುತ್ತಿರುವಾಗ ಬ್ಯಾಟರಿ ಕ್ಲ್ಯಾಂಪ್ ಕಳಚಲೇಬೇಡಿ. ವೋಲ್ಟೇಜ್ ಹತ್ತಾರು ವೋಲ್ಟ್ ಜಿಗಿದು ಡಯೋಡ್ ಹೋಗುತ್ತದೆ, ಇನ್ವರ್ಟರ್ ಜೊತೆಗಿದ್ದರೆ ಅದೂ.

ಎರಡು ಆಲ್ಟರ್ನೇಟರ್ ಹಾಕುವ ಆಸೆಯಿದ್ದರೆ ಸಮಾನಾಂತರವಾಗಿ, ತಲಾ ಒಂದು ಫ್ಯೂಸ್‌ನೊಂದಿಗೆ, ಆಗ ಬ್ಯಾಟರಿಯೂ ಎರಡು ಬೇಕು. 24 ವೋಲ್ಟ್ ಇನ್ವರ್ಟರಿಗೆಂದು ಎರಡನ್ನೂ ಸರಣಿಯಲ್ಲಿ ಜೋಡಿಸಲು ಹೋಗಬೇಡಿ. ಆಲ್ಟರ್ನೇಟರಿನ ಮೈಯೇ ಮೈನಸ್. ಒಂದೇ ಕಬ್ಬಿಣದ ಫ್ರೇಮಿಗೆ ಎರಡನ್ನೂ ಬೋಲ್ಟ್ ಮಾಡಿದರೆ ಎರಡನೆಯದರ ಮೈ ಮೊದಲನೆಯದರ ಪ್ಲಸ್‌ಗೆ ತಾಗಿ ನೇರ ಶಾರ್ಟ್.

ಇಂಜಿನ್ ಜಗಲಿಯ ಮೇಲೆ ಬೇಡ. ಮಳೆಗೆ ಕಿಟಕಿ ಮುಚ್ಚಿದ ಮನೆಯೊಳಗೆ ಹೊಗೆ ನುಸುಳಿದರೆ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಮನೆಯಿಂದ ದೂರ, ಮೂರು ಕಡೆ ತೆರೆದ ಶೀಟಿನ ಮಾಡು ಸಾಕು. ಬ್ಯಾಟರಿ, ಇನ್ವರ್ಟರನ್ನೂ ಅದರ ಪಕ್ಕದ ಒಣ ಗೂಡಿಗೆ ತನ್ನಿ. ಮನೆಗೆ ಹೋಗಬೇಕಾದ್ದು 230 ವೋಲ್ಟಿನ ತೆಳ್ಳಗಿನ ವೈರ್, ಅದೂ ಹೊರಗಿನ ಲೈನ್ ಅಥವಾ ಇನ್ವರ್ಟರ್, ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ಚಿನ ಮೂಲಕವೇ. ಪ್ಲಗ್ಗಿನಿಂದ ಹಿಂದಕ್ಕೆ ಕೊಟ್ಟರೆ ಅದು ಟ್ರಾನ್ಸ್‌ಫಾರ್ಮರಿನಲ್ಲಿ ಏರಿ, ಮರ ಕಡಿಯುತ್ತಿರುವ ಲೈನ್‌ಮನ್ ಕೈಗೆ ಹೋಗುತ್ತದೆ.

ದಿನಕ್ಕೆ ಎರಡೂವರೆ ಮೂರು ಗಂಟೆ ಓಡಿಸಿದರೆ ಬ್ಯಾಟರಿ ಮುಕ್ಕಾಲು ದಾಟುತ್ತದೆ. ಕೊನೆಯ ಅಷ್ಟಿಷ್ಟಕ್ಕೆ ಪೆಟ್ರೋಲ್ ಸುಡುವುದು ದಂಡ, ಕರೆಂಟ್ ಬಂದ ಮೇಲೆ ಇನ್ವರ್ಟರೇ ಅದನ್ನು ತುಂಬಿಸುತ್ತದೆ. ಸೀಸನ್ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನ ತಳದ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಇಳಿಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನಮ್ಮ ಥಂಡಿಯಲ್ಲಿ ನೀರು ಹೀರಿ ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ (ಪೆಟ್ರೋಲ್ ಹರಿಯುವ ಸಣ್ಣ ತೂತು) ಕಿಲುಬು ಕೂರಿಸುತ್ತದೆ.