ದುಬಾರಿ ಗಾಡಿಗೆ ಮಡ್ ಫ್ಲಾಪ್ ಬೇಕಾ?

ಮೊನ್ನೆ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು ನನ್ನ ಗ್ಯಾರೇಜಿಗೆ ಹೊಸ ಗಾಡಿ ತಂದರು. ಬಿಳಿ ಬಣ್ಣದ ದೊಡ್ಡ ಲಕ್ಷುರಿ ಎಸ್‌ಯುವಿ. ಮಂಗಳೂರಿನ ಶೋರೂಮಿನಿಂದ ಇಳಿದು ಎರಡು ತಿಂಗಳೂ ಆಗಿಲ್ಲ.

"ಅಣ್ಣ, ಇದಕ್ಕೆ ಮಡ್ ಫ್ಲಾಪ್ ಹಾಕುದಾ ಬೇಡ್ವಾ? ಹಾಕಿದ್ರೆ ಗಾಡಿಯ ಚಂದ ಹೋಗ್ತದೆ ಅಂತಾನೆ ಮಗ." ಮಡ್ ಫ್ಲಾಪ್ ಅಂದರೆ ಕೆಸರು, ಕಲ್ಲು ಹಾರದಂತೆ ಚಕ್ರದ ಹಿಂದೆ ನೇತುಹಾಕುವ ರಬ್ಬರ್ ಅಥವಾ ಪ್ಲಾಸ್ಟಿಕ್ ಹಾಳೆ.

"ಇಲ್ಲಿ ಸ್ವಲ್ಪ ಕೈ ಆಡಿಸಿ ನೋಡಿ ಭಟ್ರೆ" ಅಂದೆ.

ಮುಂದಿನ ಚಕ್ರದ ಹಿಂದೆ, ಬಾಗಿಲಿನ ಕೆಳಗೆ ಒಂದು ಪಟ್ಟಿ ಇರುತ್ತದೆ. ನಾವು ಸಿಲ್ ಅನ್ನುತ್ತೇವೆ. ಗಾಡಿ ತೊಳೆದು ಫಳಫಳ ಇತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅವರು ಬಗ್ಗಿ ಹೆಬ್ಬೆರಳು ಆಡಿಸಿದರು. ಒಂದು ಗೇಣಿನಷ್ಟು ಜಾಗ ಸ್ಯಾಂಡ್ ಪೇಪರಿನ ಹಾಗೆ ತರಿತರಿ. ಟಾರ್ಚ್ ಅಡ್ಡಕ್ಕೆ ಹಿಡಿದಾಗ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಗುಳಿ ಕಂಡವು. "ಅಯ್ಯೋ ದೇವರೇ" ಅಂದರು.

ಹೀಗೆ ಆಗುವುದು ಯಾಕೆ ಗೊತ್ತುಂಟಾ? ಇಂಥ ಗಾಡಿಗಳಲ್ಲಿ 275 ಮಿಲಿಮೀಟರ್ ಅಗಲದ ಟೈರ್ ಮಾಮೂಲು. ಸಣ್ಣ ಕಾರಿನ ಟೈರ್ ಬಾಡಿಯ ಒಳಗೆ ಅಡಗಿ ಕೂತಿರುತ್ತದೆ. ಇವುಗಳದ್ದು ಹೊರ ಅಂಚಿನವರೆಗೂ ಬಂದು ನಿಂತಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಇನ್ನೂ ಸ್ವಲ್ಪ ಹೊರಗೆ ಇಣುಕುತ್ತದೆ. ಟೈರಿನ ಗೆರೆಯಲ್ಲಿ ಸಿಕ್ಕಿಕೊಂಡ ಜಲ್ಲಿ ಕಲ್ಲು ಬಿಟ್ಟುಕೊಂಡಾಗ ನೇರ ಹಿಂದಕ್ಕೆ ಹಾರುತ್ತದೆ. ಗಾಡಿ 80ರಲ್ಲಿ ಓಡುತ್ತಿದ್ದರೆ ಆ ಕಲ್ಲು ಹೆಚ್ಚುಕಡಿಮೆ ಅದೇ ವೇಗದಲ್ಲಿ ಸಿಲ್‌ಗೆ ಬಡಿಯುತ್ತದೆ. ಅಲ್ಲಿ ಪೇಂಟ್ ಎದ್ದರೆ ಮುಂದಿನ ಕೆಲಸ ನಮ್ಮ ಮಳೆಗಾಲ ನೋಡಿಕೊಳ್ಳುತ್ತದೆ. ಕುಂಬಳೆ, ಉಪ್ಪಳದಂಥ ಕಡಲ ಬದಿಯ ಊರಾದರೆ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ.

ಹಾಗಾದರೆ ಎಲ್ಲರೂ ಹಾಕಿಸಬೇಕಾ? ಇಲ್ಲ. ನಾನು ಮೊದಲು ಕೇಳುವುದು ಗಾಡಿ ಯಾವುದು ಅಂತ ಅಲ್ಲ, ಮನೆ ಎಲ್ಲಿ ಅಂತ. ತಲಪಾಡಿಯಿಂದ ಚೆರ್ಕಳದವರೆಗೆ ಹೆದ್ದಾರಿ 66ರಲ್ಲೇ ಓಡಾಡಿ, ಕಾಂಕ್ರೀಟ್ ಅಂಗಳದಲ್ಲಿ ಗಾಡಿ ನಿಲ್ಲಿಸುವವರಿಗೆ ದೊಡ್ಡ ಅಗತ್ಯ ಇಲ್ಲ. ಬೇಕಾದರೆ ಸಿಲ್‌ಗೆ ಮಾತ್ರ ಪೇಂಟ್ ಕಾಪಾಡುವ ಪಾರದರ್ಶಕ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಅಂಟಿಸಿದರೆ ಸಾಕು. ಗಾಡಿಯ ಚಂದವೂ ಕೆಡುವುದಿಲ್ಲ. ಆದರೆ ಬದಿಯಡ್ಕ, ಮುಳ್ಳೇರಿಯ, ಬಂದಡ್ಕ ಕಡೆ ಮೇನ್ ರೋಡ್ ಬಿಟ್ಟು ತೋಟಕ್ಕೆ ಇಳಿಯುವ ಮುರಕಲ್ಲಿನ ದಾರಿ ಇದ್ದರೆ ಮುಂದಿನ ಚಕ್ರದ ಎರಡು ಫ್ಲಾಪ್ ಹಾಕಿಸಿ. ಅದರಲ್ಲಿ ನನಗೆ ಎರಡು ಮಾತಿಲ್ಲ.

ಹಿಂದಿನ ಜೋಡಿಯ ವಿಷಯ ಬೇರೆ. ಹಿಂದಿನ ಗಾಜು, ಕ್ಯಾಮೆರಾ ಕೊಳೆಯಾಗುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಎಸ್‌ಯುವಿಯ ಬೆನ್ನು ಗೋಡೆಯ ಹಾಗೆ ನೆಟ್ಟಗೆ ಇರುತ್ತದಲ್ವಾ? ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಮ್ಮಿಯಾಗಿ ಕೆಸರುನೀರಿನ ತುಂತುರನ್ನು ಎಳೆದುಕೊಳ್ಳುತ್ತದೆ. ಫ್ಲಾಪ್ ಹಾಕಿದರೂ ಗಾಜು ಒರೆಸುವ ಕೆಲಸ ತಪ್ಪುವುದಿಲ್ಲ. ಹಿಂದಿನಿಂದ ಬರುವ ಬೈಕಿನವರ ಮುಖಕ್ಕೆ ಕೆಸರು ಹಾರುವುದು ಮಾತ್ರ ಕಮ್ಮಿಯಾಗುತ್ತದೆ. ಅದಕ್ಕಾಗಿಯೇ ಹಾಕಿಸುವವರು ಇದ್ದರೆ ನನಗೆ ಖುಷಿ.

ಕೂರಿಸುವುದರಲ್ಲೇ ಜಾಸ್ತಿ ಎಡವಟ್ಟು ಆಗುವುದು. ವರ್ಷಗಳ ಹಿಂದೆ ನಾನೇ ಒಂದು ಗಾಡಿಗೆ ಅಂಗಡಿಯ ರಬ್ಬರ್ ಫ್ಲಾಪ್ ತಂದು, ಚಕ್ರದ ಮೇಲಿನ ಕಮಾನಿನ ತಗಡಿಗೆ ಡ್ರಿಲ್ ಇಟ್ಟು ಸ್ಕ್ರೂ ಬಿಗಿದಿದ್ದೆ. ಮೂರನೇ ಮಳೆಗಾಲಕ್ಕೆ ತೂತಿನ ಸುತ್ತ ಪೇಂಟ್ ಉಬ್ಬಿ, ಉಗುರು ತಾಗಿಸಿದರೆ ತುಕ್ಕಿನ ಪುಡಿ ಉದುರಿತು. ತಪ್ಪು ನನ್ನದೇ. ರಿಪೇರಿ ಖರ್ಚೂ ನನ್ನದೇ ಆಯಿತು. ಅಂದಿನಿಂದ ತಗಡಿಗೆ ತೂತು ಹೊಡೆಯುವುದನ್ನು ಬಿಟ್ಟೆ. ಆಯಾ ಮಾಡೆಲ್‌ಗೆ ಅಂತಲೇ ಕಂಪನಿ ಮಾಡಿದ ಫ್ಲಾಪ್ ಆದರೆ ಮೊದಲೇ ಇರುವ ತೂತಿಗೆ, ಕ್ಲಿಪ್ಪಿಗೆ ಕೂರುತ್ತದೆ. ದುಡ್ಡು ಜಾಸ್ತಿ, ನಿಜ. ಆದರೆ ತಗಡು ಕೊರೆದ ಮೇಲೆ ತುಕ್ಕಿಗೆ ವಾರಂಟಿ ಕೇಳಲು ಹೋದರೆ ಏನು ಹೇಳುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗಾಳಿಯ ಒತ್ತಡದಿಂದ ಗಾಡಿಯನ್ನು ಎತ್ತಿ ತಗ್ಗಿಸುವ ಏರ್ ಸಸ್ಪೆನ್ಷನ್ ಇದ್ದರೆ ಇನ್ನೊಂದು ಪರೀಕ್ಷೆ ಉಂಟು. ಹತ್ತಿ ಇಳಿಯಲು ಅನುಕೂಲವಾಗಲಿ ಅಂತ ಕೆಲವು ಗಾಡಿಗಳು 50 ಮಿಲಿಮೀಟರಿನಷ್ಟು ಕೆಳಗೆ ಕೂರುತ್ತವೆ. ಆಗ ಉದ್ದದ ಫ್ಲಾಪ್ ಅಂಗಳದ ಮೆಟ್ಟಿಲಿಗೆ ಒತ್ತಿಕೊಳ್ಳುತ್ತದೆ. ಅದು ತಿಳಿಯದೆ ರಿವರ್ಸ್ ತೆಗೆದರೆ ಟೈರಿನಡಿ ಸಿಕ್ಕಿ ಕಿತ್ತೇ ಬರುತ್ತದೆ. ಹಾಗಾಗಿ ಗಾಡಿಯನ್ನು ಪೂರ್ತಿ ತಗ್ಗಿಸಿ ಒಮ್ಮೆ ನೋಡಿ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ತಾಗುತ್ತದಾ ಅಂತಲೂ ನೋಡಿ. ಬಾಗಿಲು ತೆರೆದಾಗ ತಾನಾಗಿ ಹೊರಬರುವ ಫುಟ್‌ಸ್ಟೆಪ್ ಇದ್ದರೆ, ಕೆಲವು ಮಾಡೆಲ್‌ಗಳಲ್ಲಿ ಮುಂದಿನ ಫ್ಲಾಪ್ ಕೂರುವುದೇ ಇಲ್ಲ. ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ.

ಭಟ್ರು ಕೊನೆಗೆ ಮುಂದಿನ ಜೋಡಿ ಮಾತ್ರ ಹಾಕಿಸಿದರು. ಮಗ ಒಪ್ಪಿದನಂತೆ, ಕಪ್ಪು ಬಣ್ಣದ್ದೇ ಆಗಬೇಕು ಅಂತ ಹಟ ಹಿಡಿದು. ನಾನು ಅವರಿಗೆ ಹೇಳಿದ್ದು ಇಷ್ಟು: ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಕಾಲ) ವಾರಕ್ಕೊಮ್ಮೆ ಫ್ಲಾಪಿನ ಹಿಂದೆ ಪೈಪ್ ಹಿಡಿದು ನೀರು ಬಿಡಿ. ಕೆಂಪು ಮಣ್ಣು ಅಲ್ಲಿ ಹೆಪ್ಪುಗಟ್ಟಿ ಕೂತರೆ ಒದ್ದೆ ಆರುವುದೇ ಇಲ್ಲ.